ರಾಚಪ್ಪನ ಅಂಚಿಲ್ಲದ ಮಾತು

ನಮ್ಮೂರಿಗೆ ಹೊಸಬರು ಬಂದರೆ ಯಾರೂ ಮೊದಲು ಅವರ ಮುಖ ನೋಡುವುದಿಲ್ಲ, ಉಟ್ಟ ಬಟ್ಟೆಯ ಅಂಚು ನೋಡುತ್ತಾರೆ. ಸೀರೆ, ಧೋತರ, ಶಾಲು, ಹೆಗಲ ಮೇಲಿನ ವಸ್ತ್ರ, ಯಾವುದಕ್ಕಾದರೂ ಅಂಚಿಲ್ಲ ಎಂದು ಕಂಡರೆ ಬಸ್ ನಿಲ್ದಾಣದ ಚಹಾದಂಗಡಿಯವನು ಎದ್ದು ಬಂದು, "ಇಲ್ಲೇ ಕೂಡ್ರಿ, ಏನೂ ಶುರು ಮಾಡಬ್ಯಾಡ್ರಿ" ಎಂದು ಬೆಂಚಿನ ಮೇಲೆ ಕೂರಿಸಿ ಸಾವಂತ್ರವ್ವನಿಗೆ ಹೇಳಿ ಕಳಿಸುತ್ತಾನೆ. ಅಂಚಿಲ್ಲದ ಬಟ್ಟೆ ತೊಟ್ಟವರು ನಮ್ಮೂರಲ್ಲಿ ಮೊದಲು ಏನನ್ನು ಶುರು ಮಾಡುತ್ತಾರೋ ಅದನ್ನು ನಿಲ್ಲಿಸಲಾರರು. ಬಟ್ಟೆ ಕಳಚಿದರಾಯಿತಲ್ಲ ಎಂದು ನೀವು ಅನ್ನಬಹುದು. ಅಂಚಿಲ್ಲದ ಬಟ್ಟೆಗೂ ಕೊನೆ ಇರುವುದಿಲ್ಲ, ಎಳೆದಷ್ಟೂ ಬರುತ್ತದೆ. ಶಾಲೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಶುರು ಮಾಡಿ ಸಿಕ್ಕಿಬಿದ್ದಾಗ ಮೇಷ್ಟರುಗಳು ಗಾಬರಿಯಿಂದ ಅವರ ಧೋತರ ಎಳೆದರು. ಧೋತರ ಅಂಗಳ ತುಂಬಿ, ಗೇಟು ದಾಟಿ, ಬಾವಿಯ ತನಕ ಹರಡಿತು. ಸಾಹೇಬರ ಸೊಂಟದಲ್ಲಿ ಮಾತ್ರ ಅದು ಇದ್ದಷ್ಟೇ ಇತ್ತು, ಮಗ್ಗಿ ಯಾರಿಗೂ ಬಾಯಿಪಾಠವಿಲ್ಲದ ಲೆಕ್ಕಗಳಿಗೆ ಹೋಗಿ ಮುಟ್ಟಿತ್ತು.

ಅಂಥ ಹೊತ್ತಿನಲ್ಲಿ ಬೇಕಾದವಳು ಸಾವಂತ್ರವ್ವ. ರವಿಕೆಯ ಹೆಗಲಿಗೆ ದಾರ ಸುತ್ತಿದ ಸೂಜಿ, ಬಗಲಲ್ಲಿ ಅಂಚುಗಳ ಸುರುಳಿ ತುಂಬಿದ ಚೀಲ. ಮೈಮೇಲಿದ್ದ ಹಾಗೆಯೇ ಬಟ್ಟೆಗೆ ಅಂಚು ಹೊಲಿಯುವುದರಲ್ಲಿ ಅವಳಷ್ಟು ಚುರುಕಿನವರು ಇನ್ನೊಬ್ಬರಿಲ್ಲ. ಓಡುವವರ ಹಿಂದೆ ಓಡುತ್ತಾ ಹೊಲಿದಿದ್ದಾಳೆ, ಕುಣಿಯುವವರ ಜೊತೆ ಕುಣಿಯುತ್ತಾ ಹೊಲಿದಿದ್ದಾಳೆ. ಯಾರಿಗೆ ಯಾವ ಅಂಚು ಎನ್ನುವುದೂ ಅವಳದೇ ತೀರ್ಮಾನ. ಅಳು ನಿಲ್ಲದವರಿಗೆ ಹೂಬಳ್ಳಿ, ನಗು ನಿಲ್ಲದವರಿಗೆ ಗೋಪುರದ ಸಾಲು. ಜಗಳಕ್ಕೆ ನಿಂತವರಿಗೆ ಬರೀ ಎರಡು ಗೆರೆ. "ಇವ್ರ ಮಾರಿಗೆ ಇಷ್ಟು ಸಾಕು" ಅನ್ನುತ್ತಿದ್ದಳು.

ಅವಳ ಗಂಡ ರಾಚಪ್ಪ. ನಮ್ಮ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಅದರಲ್ಲಿ ವಯಸ್ಸಿನದೆಷ್ಟು, ಜೋಳದ ಹಿಟ್ಟಿನದೆಷ್ಟು ಎಂದು ಹೇಳುವುದು ಕಷ್ಟ. ಅವನು ಮಾತಾಡುತ್ತಿರಲಿಲ್ಲ. ಮೂಕನಲ್ಲ. "ಹೂಂ" ಅನ್ನುತ್ತಿದ್ದ. ಜೋಳ ಚೆನ್ನಾಗಿದ್ದರೆ ಹೂಂ, ಹುಳ ಬಿದ್ದಿದ್ದರೂ ಹೂಂ. ಗಿರಣಿಯ ಸದ್ದಿನಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಾಗುತ್ತಲೂ ಇರಲಿಲ್ಲ. ಆದರೆ ಮನೆಯಲ್ಲಿ ಗಿರಣಿ ಇರಲಿಲ್ಲ. ಮನೆಯಲ್ಲಿ ಸಾವಂತ್ರವ್ವ ಇದ್ದಳು.

ಅವಳ ಅಕ್ಕ ನೀಲವ್ವ ಹೊಳೆಯಾಚೆಯ ಊರಿನವಳು. ಮಕ್ಕಳಿಲ್ಲ, ಗಂಡನೂ ತೀರಿಕೊಂಡಿದ್ದ. "ಇಷ್ಟು ದೊಡ್ಡ ಮನಿ ಇಟ್ಕೊಂಡು ಒಬ್ಬಾಕಿ ಏನ್ ಮಾಡ್ಲಿ? ನೀ ಬಂದು ಇಲ್ಲೇ ಇದ್ಬಿಡು. ಕಡೀಕ ಇಬ್ರೂ ಕೂತು ಮಾತಾಡ್ಕೋತ ಇರೋಣು" ಎಂದು ಹೇಳಿ ಕಳಿಸಿದ್ದಳು. ಮಾತಾಡುತ್ತಾ ಇರೋಣ ಎಂಬುದು ಸಾವಂತ್ರವ್ವನ ಮನಸ್ಸಿಗೆ ನಾಟಿತು. ಹೋಗುವ ಆಸೆ ಅಷ್ಟಿರಲಿಲ್ಲ. ಬೇಡ ಅನ್ನುವವರು ಒಬ್ಬರು ಬೇಕಿತ್ತು. ರಾಚಪ್ಪನ ತಾಟಿಗೆ ರೊಟ್ಟಿ ಹಾಕುತ್ತಾ ವಿಷಯ ತೆಗೆದಳು.

"ಅಕ್ಕ ಕರದಾಳ. ಅಲ್ಲೇ ಇದ್ಬಿಡು ಅಂತಾಳ, ಕಾಯಂ. ಹೋಗಬೇಕಂತ ಮಾಡೀನಿ."

ರಾಚಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವಳನ್ನೇ ನೋಡಿದ. ಅವಳು ಕೈಯಲ್ಲಿದ್ದ ರೊಟ್ಟಿ ಹಾಕದೆ ಕಾದಳು.

"ಹೂಂ" ಎಂದ ರಾಚಪ್ಪ.

ಮರುದಿನ ಬೆಳಿಗ್ಗೆ ಅವಳು ನಮ್ಮ ಓಣಿಯ ಟೇಲರ್ ಜೈನಾಬಿಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿಕೊಂಡಳು. ನಾನು ಅವಳ ಎದುರುಮನೆಯವಳು, ಜೈನಾಬಿಯ ಹತ್ತಿರ ರವಿಕೆ ತರಲು ಹೋಗಿದ್ದೆ. ಇಬ್ಬರೂ ನನ್ನನ್ನು ಹೋಗು ಅನ್ನಲಿಲ್ಲ, ಹೀಗಾಗಿ ಕೂತೆ.

"ಒಂದು ನಾಯಿ ಮನಿ ಬಿಟ್ಟು ಹೊಂಟ್ರೂ ಬಾ ಬಾ ಅಂತ ಕರೀತಾರ, ಜೈನಾಬಿ. ನನಗ ಹೂಂ ಅಂದ!"

ಜೈನಾಬಿ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. "ಅಲ್ಲಬೇ ಸಾವಂತ್ರಕ್ಕ, ಊರ ಮಂದಿ ಬಾಯಿ ಮುಚ್ಚಸಾಕ ದಡಿ ಹಚ್ಚಾಕಿ ನೀ. ಬಾಯಿ ತಗಸಾಕ ದಡಿ ಬಿಚ್ಚೂದು ಬರೂದಿಲ್ಲೇನು?"

ದಡಿ ಎಂದರೆ ನಮ್ಮ ಕಡೆ ಅಂಚು. ಸಾವಂತ್ರವ್ವ ಕಿವಿ ಮುಚ್ಚಿಕೊಂಡಳು. ಅಂಚು ಬಿಚ್ಚುವುದು ಎಂದರೆ ನಮ್ಮೂರಲ್ಲಿ ಸಣ್ಣ ಮಾತಲ್ಲ. ಬಾವಿಗೆ ಕಸ ಹಾಕಿದವರನ್ನಾದರೂ ಜನ ಕ್ಷಮಿಸಿಯಾರು. ಅದೂ ಸಾವಂತ್ರವ್ವ, ಊರಿಗೆಲ್ಲ ಅಂಚು ಕಾಯುವವಳು! ಆದರೆ ಕಿವಿ ಮುಚ್ಚಿದ ಬೆರಳುಗಳು ಸ್ವಲ್ಪ ಸಡಿಲಾಗಿದ್ದವು.

"ಹುಷಾರಬೇ ಮತ್ತ" ಎಂದಳು ಜೈನಾಬಿ. "ಮೊದ್ಲು ಏನು ಶುರು ಮಾಡ್ತಾನ, ಅದಽ ನಡೀತೈತಿ."

ಮೊದಲ ಸಲ ಆದದ್ದನ್ನು ಓಣಿಯವರೆಲ್ಲ ನೋಡಿದ್ದೇವೆ. ಅಂಚು ಬಿಚ್ಚಿದ ಧೋತರವನ್ನು ಸಾವಂತ್ರವ್ವ ಗೂಟಕ್ಕೆ ತೂಗುಹಾಕಿ, ಅವನು ಸ್ನಾನ ಮುಗಿಸಿ ಬಂದು ಅದನ್ನು ಉಡುವಾಗ ಅಡುಗೆಮನೆಯಲ್ಲಿ ಮಾತಿಗೆ ಪೀಠಿಕೆ ಹುಡುಕುತ್ತಿದ್ದಳು. ಅಷ್ಟರಲ್ಲಿ ಅವನು ಅಂಗಳಕ್ಕೆ ಹೋಗಿ ಕಸಬರಿಗೆ ಹಿಡಿದಿದ್ದ. ಅಂಗಳ ಗುಡಿಸಿದ, ಗಿರಣಿಯ ಮುಂದೆ ಗುಡಿಸಿದ, ಓಣಿ ಗುಡಿಸಿದ. ಪೇಟೆಯ ರಸ್ತೆಗೆ ಬಂದಾಗ ಅಂಗಡಿಯವರು ಕಾಲೆತ್ತಿ ಕೂತರು. ಎಷ್ಟೋ ವರ್ಷದಿಂದ ಮಣ್ಣಿನಡಿ ಹೂತಿದ್ದ ಕಲ್ಲಿನ ಚರಂಡಿಯೊಂದು ಮೇಲೆದ್ದು ಬಂತು. ಸಾವಂತ್ರವ್ವ ಬೆನ್ನು ಬಗ್ಗಿಸಿ ಅವನ ಹಿಂದೆ ಹಿಂದೆ ನಡೆಯುತ್ತಾ, ಅವನೆಬ್ಬಿಸಿದ ಧೂಳಿನಲ್ಲಿ ಕೆಮ್ಮುತ್ತಾ, ಬಿಚ್ಚಿದ್ದ ಅಂಚನ್ನೇ ಮತ್ತೆ ಹೊಲಿದಳು.

"ಏನಾತಬೇ ದಡಿಗೆ?" ಎಂದು ಜನ ಕೇಳಿದರು.

"ಒಗಿಯೂದ್ರಾಗ ಕಿತ್ತಿತ್ತು" ಎಂದು ಸಾವಂತ್ರವ್ವ ತನ್ನ ಕಸುಬಿನ ವಿಷಯದಲ್ಲಿ ಜೀವಮಾನದ ಮೊದಲ ಸುಳ್ಳು ಹೇಳಿದಳು.

ರಾಚಪ್ಪ ಕಸಬರಿಗೆ ಕೆಳಗಿಟ್ಟು, ಧೋತರದ ಅಂಚನ್ನು ಎತ್ತಿ ನೋಡಿ, ಹೆಂಡತಿಯನ್ನು ನೋಡಿ, "ಹೂಂ" ಎಂದ. ಅಂದು ನಮ್ಮೂರು ಎಷ್ಟು ಚೊಕ್ಕವಾಗಿತ್ತೆಂದರೆ, ಸಂಜೆಯ ಬಸ್ಸಿನ ಡ್ರೈವರ್ ಬೇರೆ ಊರೆಂದು ತಿಳಿದು ನಿಲ್ಲಿಸದೆ ಹೋದ.

ಎರಡನೆಯ ಸಲ ಸಾವಂತ್ರವ್ವ ಎಚ್ಚರ ವಹಿಸಿದಳು. ಧೋತರದ ಕಚ್ಚೆ ಸಿಕ್ಕಿಸುತ್ತಿದ್ದ ಹಾಗೆಯೇ ಎದುರಿಗೆ ಬಂದು ನಿಂತಳು. ಕೈಗೆ ಕಸಬರಿಗೆ, ತಂಬಿಗೆ, ಯಾವುದೂ ಸಿಗದಂತೆ ಎಲ್ಲ ತೆಗೆದಿಟ್ಟಿದ್ದಳು. ಕೇಳುವ ಪ್ರಶ್ನೆಯನ್ನು ಜೈನಾಬಿಯ ಮುಂದೆ ತಿದ್ದಿ ತೀಡಿಕೊಂಡು ಬಂದಿದ್ದಳು.

"ನಾ ಹೋದ್ರ ನಿಮಗ ಹೆಂಗ ಅನಸ್ತೈತಿ? ಅದನ್ನ ಹೇಳ್ರಿ."

ರಾಚಪ್ಪ ಬಾಯಿ ತೆರೆದ. ಸಾವಂತ್ರವ್ವ ತಲೆಯಾಡಿಸಿ ಹುರಿದುಂಬಿಸಿದಳು.

"ಹೂಂ" ಎಂದ. "ಹೂಂ. ಹೂಂ. ಹೂಂ. ಹೂಂ."

ಅವಳಿಗೆ ಬಂದ ಸಿಟ್ಟು ಎಂಥದೆಂದರೆ, ಸೂಜಿ ತೆಗೆದು ನೆಲಕ್ಕೆ ಒಗೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ಅನ್ಕೋತ ಕೂಡ್ರಿ! ನಿಮ್ಮ ಹೂಂ ನೀವಽ ಕೇಳ್ರಿ!"

ರಾಚಪ್ಪ ಕೂರಲಿಲ್ಲ. ಗಿರಣಿಯ ಹೊತ್ತಾಗಿತ್ತು. ಹೂಂ ಅನ್ನುತ್ತಲೇ ಹೋಗಿ ಬಾಗಿಲು ತೆಗೆದ. ಪಾಳಿಯಲ್ಲಿ ಜೋಳದ ಡಬ್ಬಿ ಹಿಡಿದು ನಾನೂ ನಿಂತಿದ್ದೆ. ಮೊದಮೊದಲು ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಒಬ್ಬಾಕೆ, "ರಾಚಪ್ಪಣ್ಣ, ಇವತ್ತು ನಂದು ಪುಕ್ಕಟೆ ಬೀಸ್ತೀಯೇನು?" ಎಂದು ನಗೆಗೆ ಕೇಳಿದಳು. ಹೂಂ ಎಂದ. ನಮ್ಮೂರಲ್ಲಿ ಹೂಂ ಅಂದದ್ದು ಕೊಟ್ಟ ಮಾತು, ಯಾಕೆ ಅಂದೆ, ಹೇಗೆ ಅಂದೆ ಎಂದು ಕೇಳುವ ಪದ್ಧತಿ ಇಲ್ಲ. ಸುದ್ದಿ ಹಬ್ಬಿತು. ಒಬ್ಬ ಬಂದು ಅವನ ಚಕ್ಕಡಿ ಗಾಡಿ ಕೇಳಿದ, ಹೂಂ. ಇನ್ನೊಬ್ಬಳು ಬಗಲಲ್ಲಿ ಹುಂಜ ಹಿಡಿದುಕೊಂಡು ಬಂದಳು. "ಇದು ನಡುರಾತ್ರಿ ಕೂಗ್ತೈತ್ರಿ, ನಮ್ಮ ಮನ್ಯಾಗ ಯಾರಿಗೂ ನಿದ್ದಿಲ್ಲ. ನೀವು ಇಟ್ಕೋತೀರೇನು?" ಹೂಂ. ಮೊಟ್ಟೆಯನ್ನೂ ಮುಟ್ಟದ ರಾಚಪ್ಪನ ತೋಳಿನಲ್ಲಿ ಕೆಂಪು ಹುಂಜ ಬಂದು ಕೂತಿತು.

ಕೊನೆಗೆ ಪುರಸಭೆಯ ಅಧ್ಯಕ್ಷ ಕೊಟ್ರಗೌಡರೇ ಬಂದರು. ಹೊಸ ನೀರಿನ ಟ್ಯಾಂಕಿನ ಉದ್ಘಾಟನೆ ಹತ್ತಿರ ಬಂದಿತ್ತು. ಸಮಾರಂಭದ ಕುರ್ಚಿಯಲ್ಲಿ ಯಾರು ಕೂರಬೇಕು ಎಂದು ಎರಡು ಪಾರ್ಟಿಯವರು ಬಡಿದಾಡಿಕೊಂಡು, ಕುರ್ಚಿಯ ಒಂದು ಕಾಲೂ ಮುರಿದಿತ್ತು. ಯಾವ ಪಾರ್ಟಿಗೂ ಸೇರದ, ಯಾರ ಬಗ್ಗೆಯೂ ಏನೂ ಹೇಳದ ಮನುಷ್ಯ ಬೇಕಿತ್ತು.

"ರಾಚಪ್ಪನವರ, ಉದ್ಘಾಟನಾ ಸಮಾರಂಭಕ್ಕ ನೀವು ಅಧ್ಯಕ್ಷರಾಗ್ತೀರೇನು?"

"ಹೂಂ. ಹೂಂ."

"ಅಧ್ಯಕ್ಷರ ಭಾಷಣ ಇರ್ತೈತಿ. ಮಾಡ್ತೀರೇನು?"

ಸಾವಂತ್ರವ್ವ ಸಿಟ್ಟಿಳಿದು ಸೂಜಿ ಹುಡುಕಿಕೊಂಡು ಓಡಿ ಬರುವಷ್ಟರಲ್ಲಿ ಆ ಹೂಂ ಕೂಡ ಹೊರಬಿದ್ದಿತ್ತು. ಅಂಚು ಹೊಲಿದು ಗಂಟು ಹಾಕಿದ ಮೇಲೆ ರಾಚಪ್ಪ ಹುಂಜವನ್ನು ನೋಡಿದ, ಕೊಟ್ರಗೌಡರ ಬೆನ್ನನ್ನು ನೋಡಿದ. ಅವನ ಮುಖದ ಮೇಲೆ ಹಿಟ್ಟಿಲ್ಲದ ಜಾಗಗಳೂ ಬಿಳಿಚಿಕೊಂಡವು.

ಮುಂದಿನ ದಿನಗಳಲ್ಲಿ ಅವನು ಸರಿಯಾಗಿ ಉಣ್ಣಲಿಲ್ಲ. ಗಿರಣಿಯ ಬಾಯಿಗೆ ಗೋಧಿಯ ಮೇಲೆ ಜೋಳ ಸುರಿದು ಬೈಸಿಕೊಂಡ. ನಿದ್ದೆಯನ್ನು ಹೇಗೂ ಹುಂಜ ಕೊಡುತ್ತಿರಲಿಲ್ಲ. ಸಾವಂತ್ರವ್ವನಿಗೆ ಪಾಪ ಅನಿಸಿತು. ಅಕ್ಕನ ಮನೆಯ ಸುದ್ದಿಯನ್ನೇ ಎತ್ತಲಿಲ್ಲ. ಸಮಾರಂಭದಲ್ಲಿ ಅಧ್ಯಕ್ಷರಿಗೆ ಹೊದಿಸಲು ಪುರಸಭೆಯವರು ಪರಊರಿನಿಂದ ಶಾಲು ತರಿಸಿದ್ದರು, ಅಂಚು ಹಾಕಲು ಅದು ಅವಳ ಹತ್ತಿರವೇ ಬಂತು. ನಾಲ್ಕೂ ಕಡೆ ಹಂಸದ ಸಾಲು ಇಟ್ಟು, ಯಾವ ಗಾಳಿಗೂ ಅಲುಗದಂತೆ ಹೊಲಿದಳು. "ಭಾಷಣ ಬರದಿದ್ರ ಬ್ಯಾಡ. ಎಲ್ಲಾರಿಗೂ ನಮಸ್ಕಾರ ಅಂತ ಕೈ ಮುಗದು ಕೂತ್ಬಿಡ್ರಿ. ನಾ ಇರ್ತೀನಿ" ಎಂದು ಅವನಿಗೆ ಧೈರ್ಯ ಹೇಳಿದಳು. ಶಾಲನ್ನು ಮಡಚಿ ಪೆಟ್ಟಿಗೆಯ ಮೇಲಿಟ್ಟಳು.

ಟ್ಯಾಂಕಿನ ಕೆಳಗೆ ಶಾಮಿಯಾನ. ಮುಂದಿನ ಸಾಲಿನಲ್ಲಿ ನಾನು, ನನ್ನ ಒಂದು ಪಕ್ಕ ನಮ್ಮತ್ತೆ, ಇನ್ನೊಂದು ಪಕ್ಕ ಸಾವಂತ್ರವ್ವ, ಆಚೆ ಜೈನಾಬಿ. ಕೊಟ್ರಗೌಡರು ಮಡಚಿದ ಶಾಲನ್ನು ಕೊಡವಿ ರಾಚಪ್ಪನ ಹೆಗಲಿಗೆ ಹೊದಿಸಿದರು. ಚಪ್ಪಾಳೆಯ ನಡುವೆ ಸಾವಂತ್ರವ್ವ ಒಮ್ಮೆಲೇ ನನ್ನ ಮಂಡಿ ಚಿವುಟಿದಳು. ಶಾಲಿಗೆ ಅಂಚಿರಲಿಲ್ಲ. ಒಂದು ಹಂಸವೂ ಉಳಿದಿರಲಿಲ್ಲ.

ರಾಚಪ್ಪ ಎದ್ದು ಮೈಕಿನ ಮುಂದೆ ನಿಂತು ಕೈ ಮುಗಿದ.

"ಎಲ್ಲಾರಿಗೂ ನಮಸ್ಕಾರ" ಎಂದ. ಅಷ್ಟೇ ಸಾಕಾಯಿತು. "ನಮಸ್ಕಾರ ಅಂದ್ಮ್ಯಾಲೆ ಏನ್ ಹೇಳಬೇಕು ಅಂತ ನನಗ ಗೊತ್ತಿಲ್ಲ. ಆದ್ರ ನಾ ಇನ್ನ ನಿಲ್ಲೂದಿಲ್ಲ, ಯಾಕಂದ್ರ ಈ ಶಾಲಿನ ದಡಿ ನಾನಽ ಬಿಚ್ಚೀನಿ. ಗಿರಣ್ಯಾಗ ಕೂತು ಒಂದೊಂದ ಹೊಲಿಗಿ ಬಿಚ್ಚೀನಿ. ಮಾತು ಕೊಟ್ಟೀನಿ, ಮಾತಾಡಬೇಕು. ಹಿಂಗ ಮಾಡದಿದ್ರ ನನ್ನ ಬಾಯಾಗಿಂದ ಮಾತು ಬರೂದಿಲ್ಲ."

ಶಾಮಿಯಾನದಲ್ಲಿ ಕೋಲಾಹಲ. ಕೊಟ್ರಗೌಡರು ಮೊದಲು ಸಮಾಧಾನವಾಗಿಯೇ ಇದ್ದರು. ಮಾತಾಡದ ಮನುಷ್ಯ, ಏನು ತಾನೇ ಹೇಳಿಯಾನು? ಆದರೆ ಗಿರಣಿಯ ಸದ್ದಿನಲ್ಲಿ ಊರಿಗೂರೇ ಅವನ ಕಿವಿಯ ಹತ್ತಿರ ಕೂಗಿ ಕೂಗಿ ತಮ್ಮ ಗುಟ್ಟು ಹೇಳಿಕೊಂಡಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

"ಗೌಡ್ರು ಭಾಷಣದ ತಾಲೀಮು ನನ್ನ ಗಿರಣ್ಯಾಗ ಮಾಡ್ತಾರ. ಕಣ್ಣೀರು ಎಲ್ಲಿ ಬರಬೇಕು ಅನ್ನೂದೂ ತಾಲೀಮು. ಈ ಟ್ಯಾಂಕಿನ ಪೈಪು ಸೊಟ್ಟ ಯಾಕ ಐತಿ? ಒಂದು ಪಾರ್ಟಿಯವ್ರ ಬೀಗರ ಮನಿ ಮುಂದ ಹೋಗಿ, ಇನ್ನೊಂದು ಪಾರ್ಟಿಯವ್ರ ಅಳಿಯನ ಮನಿ ಹಿಂದ ಹಾಯ್ದು ಬಂದೈತಿ, ಅದಕ್ಕ. ಜೈನಾಬಿ ಹೊಲಿದ ಅಂಗ್ಯಾಗ ಗುಂಡಿ ಒಂದ್ಕಡೆ ಇದ್ರ ಕಾಜ ಇನ್ನೊಂದ್ಕಡೆ. ನಾ ಪಾಪ ಅಂತ ಸುಮ್ನ ಹಾಕ್ಕೋತೀನಿ. ಎದುರುಮನ್ಯಾಕಿ ತಮ್ಮ ಅತ್ತಿ ಲಗೂನ ತವರುಮನಿಗೆ ಹೋಗ್ಲಿ ಅಂತ ಹರಕಿ ಹೊತ್ತಾಳ."

ನಮ್ಮತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಟ್ಯಾಂಕನ್ನು ನೋಡಿದೆ.

"ಸಾವಂತ್ರವ್ವಾ!" ಕೊಟ್ರಗೌಡರು ವೇದಿಕೆಯ ಮೇಲಿಂದ ಕಿರುಚಿದರು. "ಲಗೂ ಬರ್ರಿ! ದಡಿ ಹಾಕ್ರಿ!"

ಸಾವಂತ್ರವ್ವ ಚೀಲದೊಂದಿಗೆ ವೇದಿಕೆ ಹತ್ತಿದಳು. ಗಂಡನ ಹಿಂದೆ ಕೂತು, ಸೂಜಿಗೆ ದಾರ ಪೋಣಿಸಿ, ಶಾಲಿನ ಮೂಲೆ ಹಿಡಿದಳು. ನಾಲ್ಕು ಹೊಲಿಗೆ ಚುರುಕಾಗಿ ಬಿದ್ದವು. ಆಗ ರಾಚಪ್ಪ, "ಇನ್ನ ನಮ್ಮ ಮನ್ಯಾಕಿ" ಎಂದ. ಸೂಜಿ ನಿಂತಿತು.

"ನಮ್ಮ ಮನ್ಯಾಕಿ ಎರಡು ಸಲ ನನ್ನ ಧೋತರದ ದಡಿ ಬಿಚ್ಯಾಳ. ಒಗಿಯೂದ್ರಾಗ ಕಿತ್ತಿತ್ತು ಅಂದ್ಲು. ಆಕಿ ಹಾಕಿದ ಹೊಲಿಗಿ ಒಗದ್ರ ಕೀಳೂದಿಲ್ಲ, ಅದು ನನಗ ಗೊತ್ತೈತಿ. ಮದಿವಿ ಆದ ಹೊಸದಾಗ ಆಕಿ ಕೇಳಿದ್ಲು, ಪಲ್ಯಾ ಹೆಂಗಾಗೇತ್ರಿ ಅಂತ. ಚಲೋ ಅಂದ್ರ ಕಮ್ಮಿ ಆತು, ಭಾಳ ಚಲೋ ಅಂದ್ರ ಮಂದಿ ಮಾತು ಆತು. ಸರಿ ಮಾತು ಯಾವುದು ಅಂತ ನಾ ಹುಡುಕೂದ್ರಾಗ ಆಕಿ ತಾಟು ತೊಳದು ಇಟ್ಟಿದ್ಲು. ಅವತ್ತಿನಿಂದ ಹಿಂಗಽ ನಡದೈತಿ. ನಾ ಒಂದು ಮಾತು ಹುಡುಕಿ ತರೂದ್ರಾಗ ಆಕಿ ಮುಂದಿನ ಮಾತಿಗೆ ಹೋಗಿರ್ತಾಳ. ಅದಕ್ಕ ನಾ ಹೂಂ ಅಂತೀನಿ. ಹೂಂ ಅಂದ್ರ ತಡಿ, ಬರಾಕತ್ತೀನಿ ಅಂತ."

ಜೈನಾಬಿ ಗುಂಡಿಯ ಮಾತು ಮರೆತು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೀಲವ್ವನ ಕಡೆ ಹೋಗ್ತೀನಿ ಅಂದಾಗೂ ಹೂಂ ಅಂದೆ. ಹೋಗು ಅಂತಲ್ಲ. ಆಕಿ ಹೋದ್ರ ಮನ್ಯಾಗ ಸದ್ದಿರೂದಿಲ್ಲ. ನನಗ ಗಿರಣಿ ಸದ್ದಿನಾಗ ನಿದ್ದಿ ಬರ್ತೈತಿ, ಆಕಿ ಸದ್ದಿನಾಗ ಎಚ್ಚರ ಆಗ್ತೈತಿ. ಎರಡೂ ಬೇಕು. ಸಂಜಿಮುಂದ ಆಕಿ ಯಾರ್ದೋ ಬಟ್ಟಿ ಹೊಲದು ಬಂದು, ಬಾಗಲದಾಗ ಕೂತು ದಾರ ಕಡೀತಾಳ. ಕಟ್ ಅಂತ ಸಣ್ಣ ಸದ್ದು. ಅದು ಕೇಳಿದ ಮ್ಯಾಲೇ ನಾ ಗಿರಣಿ ಬಂದ್ ಮಾಡೂದು."

ಸಾವಂತ್ರವ್ವ ಮತ್ತೆ ಹೊಲಿಯುತ್ತಿದ್ದಳು. ಆದರೆ ಅಂಥ ಹೊಲಿಗೆಯನ್ನು ಅವಳು ಹಾಕಿದ್ದನ್ನು ನಾವು ಕಂಡಿರಲಿಲ್ಲ. ಇರುವೆಯ ಹೆಜ್ಜೆಗಿಂತ ಸಣ್ಣದು. ಒಂದು ಹೊಲಿಗೆ ಹಾಕಿ ಹತ್ತಿರ ಹಿಡಿದು ನೋಡುವುದು, ಬೆರಳಿನಿಂದ ಸವರುವುದು, ಹಿಡಿಸಲಿಲ್ಲ ಎಂದು ಬಿಚ್ಚಿ ಮತ್ತೆ ಹಾಕುವುದು. ಬೆವರುತ್ತಿದ್ದ ಕೊಟ್ರಗೌಡರು ಬಗ್ಗಿ ಅಂಗಲಾಚಿದರು.

"ಯವ್ವಾ, ಸ್ವಲ್ಪ ಲಗೂ..."

"ಚಲೋ ಕೆಲಸಕ್ಕ ಹೊತ್ತು ಹಿಡೀತೈತ್ರಿ ಗೌಡ್ರ. ನೀವು ಕೂಡ್ರಿ."

ಗೌಡರು ಮೂರು ಕಾಲಿನ ಕುರ್ಚಿಯ ಮೇಲೆ ಜೋಪಾನವಾಗಿ ಕೂತರು. ರಾಚಪ್ಪ ಮದುವೆಯ ದಿನ ಅವಳು ಉಟ್ಟಿದ್ದ ಸೀರೆಯ ಬಣ್ಣ ಹೇಳಿದ. ಅವಳು ಜ್ವರ ಬಂದು ಮಲಗಿದಾಗ ತಾನು ಗಿರಣಿಯಲ್ಲಿ ಅತ್ತದ್ದನ್ನು, ಕಣ್ಣಿಗೆ ಹಿಟ್ಟು ಬಿತ್ತು ಎಂದು ಜನಕ್ಕೆ ಸನ್ನೆ ಮಾಡಿದ್ದನ್ನು ಹೇಳಿದ. ಶಾಲಿನ ಒಂದು ಬದಿಯೂ ಇನ್ನೂ ಮುಗಿದಿರಲಿಲ್ಲ.

"ಆದ್ರ ಒಂದು ಹೇಳಬೇಕು" ಎಂದ ರಾಚಪ್ಪ. "ಆಕಿ ಮಾಡೂ ಸಾರು. ಅದರಾಗ ಉಪ್ಪು—"

ಸೂಜಿ ಚುರುಕಾಯಿತು.

"—ಒಂದು ದಿನಾನೂ ಸರಿಗಿಲ್ಲ. ಆಮ್ಯಾಲೆ ಆಕಿ ಗೊರಕಿ. ಮಂದಿ ನನ್ನ ಗಿರಣಿ ರಾತ್ರಿನೂ ನಡೀತೈತಿ ಅಂತಾರಲ್ಲ, ಅದು ಗಿರಣಿ ಅಲ್ಲ—"

ಅಲ್ಲಿಯ ತನಕ ಇರುವೆಯಂತೆ ಹೋಗುತ್ತಿದ್ದ ಹೊಲಿಗೆ ಈಗ ದಾಪುಗಾಲು ಹಾಕಿತು. ಎರಡನೆಯ ಬದಿ, ಮೂರನೆಯ ಬದಿ, ಕೈಗೆ ಸಿಕ್ಕ ಅಂಚು, ಹಂಸದ ಪಕ್ಕ ಗೋಪುರ, ಗೋಪುರದ ಪಕ್ಕ ಹೂಬಳ್ಳಿ, ಯಾವುದನ್ನೂ ನೋಡಲಿಲ್ಲ. ರಾಚಪ್ಪ ಅವಳ ತವರಿನವರ ವಿಷಯಕ್ಕೆ ಬರುವಷ್ಟರಲ್ಲಿ ಕೊನೆಯ ಮೂಲೆಗೆ ಗಂಟು ಬಿತ್ತು. "ಅವರಣ್ಣ ಇದ್ದಾನಲ್ಲ, ಆ—" ಎಂದವನು ಬಾಯಿ ಮುಚ್ಚಿದ.

ಅಂಥ ಚಪ್ಪಾಳೆ ನಮ್ಮೂರು ಹಿಂದೆ ಕೇಳಿರಲಿಲ್ಲ. ಮಾತಿಗೋ, ಅದು ನಿಂತದ್ದಕ್ಕೋ, ಗೊತ್ತಿಲ್ಲ. ಕೊಟ್ರಗೌಡರು ಗಡಬಡಿಸಿ ನಲ್ಲಿ ತಿರುಗಿಸಿದರು, ಸೊಟ್ಟ ಪೈಪಿನಲ್ಲಿ ನೀರು ಬರಲು ಸಂಜೆಯಾಯಿತು.

ಕೆಲವು ದಿನ ಕಳೆದು ಸಾವಂತ್ರವ್ವ ಒಂದು ಬೆಳಿಗ್ಗೆ ಚೀಲ ತುಂಬಿಕೊಂಡು ಹೊಸ್ತಿಲಿಗೆ ಬಂದಳು. ರಾಚಪ್ಪ ಅಂಗಳದಲ್ಲಿ ನಿಂತಿದ್ದ. ಅವನ ಧೋತರದ ಅಂಚು ಎರಡೂ ಕಡೆ ಗಟ್ಟಿಯಾಗಿತ್ತು, ಅದನ್ನು ನಾನು ನಮ್ಮ ಕಿಟಕಿಯಿಂದಲೇ ನೋಡಿದೆ.

"ಅಕ್ಕನ್ನ ನೋಡ್ಕೊಂಡು, ನಾಕು ದಿನ ಇದ್ದು ಬರ್ತೀನ್ರಿ" ಎಂದಳು.

"ಹೂಂ" ಎಂದ ರಾಚಪ್ಪ.

ಬೇರೆ ದಿನವಾಗಿದ್ದರೆ ಅವಳು ಅಷ್ಟು ಹೊತ್ತಿಗೆ ಅಡುಗೆ ಎಲ್ಲಿದೆ, ಬೆಕ್ಕಿಗೆ ಹಾಲು ಎಷ್ಟು, ಕೀಲಿ ಯಾರ ಹತ್ತಿರ, ಎಲ್ಲ ಹೇಳಿ ಓಣಿ ದಾಟಿರುತ್ತಿದ್ದಳು. ಅಂದು ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ತಾನೇ ಮುಚ್ಚಿಕೊಂಡಳು. ರಾಚಪ್ಪ ನೆಲ ನೋಡಿದ, ಸೂರು ನೋಡಿದ. ಹಾಲಿನವನು ಬಂದು ಹೋದ. ಜೈನಾಬಿ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದಳು. ನಮ್ಮ ಒಲೆಯ ಮೇಲೆ ಏನೋ ಸೀದ ವಾಸನೆ ಬಂತು, ನಾನು ಅಲುಗಲಿಲ್ಲ.

"ನಾನೂ ಬರ್ಲೇನು?" ಎಂದ ರಾಚಪ್ಪ.

ಗಿರಣಿಗೆ ಬೀಗ ಬಿತ್ತು. ಹುಂಜವನ್ನು ನಮ್ಮ ಮನೆಯಲ್ಲಿ ಬಿಟ್ಟರು. ಅದು ನಮ್ಮತ್ತೆಯ ಮಂಚದ ಪಕ್ಕದಲ್ಲೇ ಕೂಗುತ್ತದೆ, ಅದಕ್ಕೂ ನನ್ನನ್ನೇ ಬೈಯುತ್ತಾರೆ. ಇಬ್ಬರನ್ನೂ ಕಳಿಸಲು ಅರ್ಧ ಊರು ಬಸ್ ನಿಲ್ದಾಣಕ್ಕೆ ಬಂದಿತ್ತು. ಅವರು ಹತ್ತಿ ಕೂತ ಮೇಲೆ ಕಂಡಕ್ಟರ್ ಸಾವಂತ್ರವ್ವನ ಮುಂದೆ ಬಂದು, "ಒಂದೋ ಎರಡೋ?" ಎಂದು ಕೇಳಿದ. ಅವಳು ಹೇಳುವ ಮೊದಲೇ ರಾಚಪ್ಪ ಹೇಳಿದ.

"ಎರಡು. ಕಿಟಕಿ ಕಡೆ ಆಕಿ ಕೂಡ್ತಾಳ. ನಾ ಈ ಕಡೆ ಸರಕೋತೀನಿ."

ಹೇಳಿ, ನಿಲ್ಲಿಸಿದ. ಕೆಳಗೆ ನಿಂತಿದ್ದ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಕಂಡಕ್ಟರ್ ಬೇರೆ ಊರಿನವನು, ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.